ಹಲ್ಲಿನ ಪಾಚಿಯಲ್ಲಿ ಜೀವಲೋಕವನ್ನು ಕಂಡ ಜವಳಿ ವ್ಯಾಪಾರಿ

ಪದವಿಯಿಲ್ಲದವನಿಗೆ ವಿಜ್ಞಾನದ ಮನೆಯಲ್ಲಿ ಮಣೆಯಿಲ್ಲವೆಂಬ ಭಾವನೆಯು ನಮ್ಮವರಲ್ಲಿ ಬಲವಾಗಿ ಬೇರೂರಿರುವುದು. ಊರು ಬಿಟ್ಟು ನಾಸಿಕಕ್ಕೂ ಸಂಭಾಜಿನಗರಕ್ಕೂ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಮಿಕ್ಕ ಹೊತ್ತಿನಲ್ಲಿ ನಾಲ್ಕಕ್ಷರ ಓದುವ ನಮ್ಮ ಬಂಧುಗಳು ಇಂಥ ಸಂಗತಿಗಳು ತಮಗೆ ಸಂಬಂಧಿಸಿದುವಲ್ಲವೆಂದು ಪುಟ ತಿರುವಿಬಿಡುವುದನ್ನು ನಾವು ಬಲ್ಲೆವು. ಅಂಥವರಿಗಾಗಿಯೇ ಇಂದು ಹಾಲೆಂಡ್ ದೇಶದ ಆಂಟೊನಿ ವಾನ್ ಲೀವೆನ್‌ಹುಕನ ಜೀವನ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ. ಈತನು ವಿದ್ಯಾಪೀಠದ ಮೆಟ್ಟಿಲು ಹತ್ತಿದವನಲ್ಲ. ಅಂದಿನ ಪಂಡಿತರ ಭಾಷೆಯಾದ ಲ್ಯಾಟಿನ್ನನ್ನು ಅರಿತವನಲ್ಲ. ಬಟ್ಟೆಯನ್ನು ಅಳೆದು ಮಾರಿದವನು. ಕಚೇರಿಯ ಬಾಗಿಲನ್ನು ತೆರೆದು ಮುಚ್ಚಿದವನು. ಆದರೂ ಮನುಷ್ಯನ ಬಾಯಿಯೊಳಗೆ, ಹಲ್ಲು ಒಸಡುಗಳ ಸಂದಿಯಲ್ಲಿ, ಲೆಕ್ಕವಿಲ್ಲದಷ್ಟು ಜೀವಿಗಳು ವಾಸವಾಗಿವೆಯೆಂಬುದನ್ನು ಜಗತ್ತಿನಲ್ಲಿ ಮೊಟ್ಟಮೊದಲು ಕಣ್ಣಾರೆ ಕಂಡವನು ಈತನೇ.

ಬಾಲ್ಯ ಮತ್ತು ಅಂಗಡಿಯ ದಿನಗಳು

ಲೀವೆನ್‌ಹುಕನು 1632ನೆಯ ಇಸವಿ ಅಕ್ಟೋಬರ್ 24ರಂದು ಡೆಲ್ಫ್ಟ್ ಎಂಬ ಪಟ್ಟಣದಲ್ಲಿ ಜನಿಸಿದನು. ಇಂದು ಸಂಭಾಜಿನಗರವೆಂದು ಕರೆಯಲ್ಪಡುವ ಊರನ್ನು ಖಡಕಿ ಎಂಬ ಹೆಸರಿನಿಂದ ಕಟ್ಟಿ ನೀರಿನ ನಹರುಗಳನ್ನು ತಂದ ಮಲಿಕ್ ಅಂಬರನು ತೀರಿಕೊಂಡು ಆಗ ಆರು ವರ್ಷಗಳಾಗಿದ್ದುವು. ಬಾಲಕನ ತಂದೆ ಬುಟ್ಟಿ ಹೆಣೆಯುವವನು; ತಾಯಿಯ ತವರು ಬಿಯರ್ ತಯಾರಿಸುವವರ ಮನೆತನ. ಮಗುವಿಗೆ ಆರು ತುಂಬುವ ಮುನ್ನವೇ ತಂದೆ ಗತಿಸಿದನು. ತಾಯಿ ಮರುವಿವಾಹವಾದಳು. ಬಾಲಕನನ್ನು ಪರವೂರಿನ ಶಾಲೆಗೆ ಕಳುಹಿಸಲಾಯಿತು. ಅನಂತರ ಕೆಲಕಾಲ ಬಂಧುವೊಬ್ಬನ ಮನೆಯಲ್ಲಿದ್ದನು. ಹದಿನಾರನೆಯ ವಯಸ್ಸಿನಲ್ಲಿ ಆಮ್ಸ್ಟರ್‌ಡ್ಯಾಮ್ ಎಂಬ ದೊಡ್ಡ ಪಟ್ಟಣಕ್ಕೆ ಹೋಗಿ, ಜವಳಿ ವರ್ತಕನೊಬ್ಬನ ಬಳಿ ಕೆಲಸಕ್ಕೆ ನಿಂತನು. ಅಲ್ಲಿ ಲೆಕ್ಕ ಬರೆಯುವುದನ್ನೂ ಗಲ್ಲಾ ನೋಡುವುದನ್ನೂ ಕಲಿತನು. ಎಳವೆಯಲ್ಲೇ ಊರು ಬಿಟ್ಟು ಪರರ ಅಂಗಡಿಯಲ್ಲಿ ದುಡಿದು ಕಸುಬು ಕಲಿಯುವುದೆಂದರೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

1654ರಲ್ಲಿ ಆತನು ಊರಿಗೆ ಹಿಂತಿರುಗಿ, ಬಾರ್ಬರಾ ಎಂಬಾಕೆಯನ್ನು ವಿವಾಹವಾಗಿ, ಒಂದು ಮನೆಯನ್ನು ಕೊಂಡು, ಅಲ್ಲಿಯೇ ಸ್ವಂತ ಬಟ್ಟೆಯಂಗಡಿಯನ್ನು ತೆರೆದನು. ಐದು ಮಕ್ಕಳು ಹುಟ್ಟಿದರೂ ಉಳಿದವಳು ಮರಿಯಾ ಎಂಬ ಮಗಳೊಬ್ಬಳೇ. 1666ರಲ್ಲಿ ಬಾರ್ಬರಾ ಸಹ ತೀರಿಕೊಂಡಳು. 1671ರಲ್ಲಿ ಕೊರ್ನೇಲಿಯಾ ಎಂಬಾಕೆಯೊಡನೆ ಎರಡನೆಯ ವಿವಾಹವಾಯಿತು. ಆಕೆಯೂ 1694ರಲ್ಲಿ ಮಡಿದಳು. ಕೊನೆಯವರೆಗೆ ತಂದೆಯ ಜೊತೆಯಲ್ಲಿದ್ದು ಮನೆಯನ್ನು ನಡೆಸಿದವಳು ಮರಿಯಾ.

1660ರಲ್ಲಿ ಪಟ್ಟಣದ ನ್ಯಾಯಾಧಿಕಾರಿಗಳ ಸಭಾಗೃಹದಲ್ಲಿ ಆತನಿಗೊಂದು ನೌಕರಿ ದೊರೆಯಿತು. ಸಮಯಕ್ಕೆ ಸರಿಯಾಗಿ ಕೊಠಡಿಯ ಬೀಗ ತೆಗೆಯುವುದು, ಗುಡಿಸಿ ಸ್ವಚ್ಛವಾಗಿಡುವುದು, ಚಳಿಗಾಲದಲ್ಲಿ ಬೆಂಕಿ ಹೊತ್ತಿಸುವುದು, ಒಳಗೆ ನಡೆದ ಮಾತು ಹೊರಗೆ ಹೋಗದಂತೆ ಬಾಯಿ ಬಿಗಿಹಿಡಿಯುವುದು—ಇವೇ ಆ ನೌಕರಿಯ ಕರ್ತವ್ಯಗಳು. ಮುಂದೆ 1669ರಲ್ಲಿ ಭೂಮಾಪಕನ ಪರೀಕ್ಷೆಯಲ್ಲಿ ತೇರ್ಗಡೆಯಾದನು. 1679ರಲ್ಲಿ ದ್ರಾಕ್ಷಾಮದ್ಯದ ಪೀಪಾಯಿಗಳನ್ನು ಅಳೆಯುವ ಅಧಿಕಾರವೂ ಬಂದಿತು. ಅಳತೆಯಲ್ಲಿ ತಪ್ಪದಿರುವ ಗುಣವು ಈ ಕಸುಬುಗಳಿಂದ ಆತನ ಕೈಗೆ ಅಂಟಿಬಂದಿತೆಂದು ನಮಗೆ ತೋರುವುದು. ಕಣ್ಣಿಗೆ ಕಾಣದ ಜೀವಿಗಳನ್ನು ಕಂಡಾಗಲೂ ಆತನು ಮರಳಿನ ಕಣ, ತಲೆಗೂದಲು ಮೊದಲಾದುವುಗಳಿಗೆ ಹೋಲಿಸಿ ಅವುಗಳ ಗಾತ್ರವನ್ನು ಲೆಕ್ಕ ಹಾಕುತ್ತಿದ್ದನು.

ಗಾಜಿನ ಹನಿಯ ಮಹಿಮೆ

ಬಟ್ಟೆಯ ವ್ಯಾಪಾರಿಗಳು ನೂಲಿನ ಎಳೆಗಳನ್ನು ಎಣಿಸಿ ನೇಯ್ಗೆಯ ಗುಣವನ್ನು ಅರಿಯಲು ಭೂತಗನ್ನಡಿಯನ್ನು ಉಪಯೋಗಿಸುತ್ತಿದ್ದರು. 1665ರಲ್ಲಿ ಲಂಡನ್ನಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಸೂಕ್ಷ್ಮದರ್ಶಕದ ಮೂಲಕ ಕಂಡುದನ್ನೆಲ್ಲ ಚಿತ್ರಗಳೊಡನೆ ಒಂದು ದೊಡ್ಡ ಗ್ರಂಥವಾಗಿ ಪ್ರಕಟಿಸಿದ್ದನು. ಆ ಕಾಲದಲ್ಲಿ ಲೀವೆನ್‌ಹುಕನು ತನ್ನ ಕೈಯಿಂದಲೇ ಮಸೂರಗಳನ್ನು ಮಾಡಲು ತೊಡಗಿದನು. ಆತನ ಯಂತ್ರವು ನೋಡಲು ಏನೂ ಅಲ್ಲ. ಬೆರಳುದ್ದದ ಎರಡು ಹಿತ್ತಾಳೆಯ ಅಥವಾ ಬೆಳ್ಳಿಯ ತಗಡು, ಅವುಗಳ ನಡುವಣ ರಂಧ್ರದಲ್ಲಿ ಸಾಸಿವೆಯಂಥ ಗಾಜಿನ ಮಸೂರ, ಹಿಂದುಗಡೆ ವಸ್ತುವನ್ನು ನಿಲ್ಲಿಸಲು ಒಂದು ಮೊನೆ, ಅದನ್ನು ಸರಿಸಲು ತಿರುಪು—ಇಷ್ಟೇ. ಅದನ್ನು ಕಣ್ಣಿಗೆ ಒತ್ತಿ ಹಿಡಿದು ಬೆಳಕಿನೆಡೆಗೆ ತಿರುಗಿ ನೋಡಬೇಕು. ಇಂದಿಗೂ ಉಳಿದಿರುವವುಗಳಲ್ಲಿ ಅತ್ಯುತ್ತಮವಾದುದು ವಸ್ತುವನ್ನು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುವುದು. ತನ್ನ ಜೀವಮಾನದಲ್ಲಿ ಆತನು 500ಕ್ಕೂ ಮೇಲ್ಪಟ್ಟು ಮಸೂರಗಳನ್ನು ತಯಾರಿಸಿದನು.

ಅದೇ ಪಟ್ಟಣದ ವೈದ್ಯನಾದ ರೈನಿಯರ್ ಡ ಗ್ರಾಫ್ ಎಂಬವನು 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ಈ ವ್ಯಾಪಾರಿಯ ಪರಿಚಯ ಮಾಡಿಕೊಟ್ಟನು. ಅಲ್ಲಿಂದ ಮುಂದೆ ಐವತ್ತು ವರ್ಷ ಲೀವೆನ್‌ಹುಕನು ಆ ಸಂಸ್ಥೆಗೆ ಪತ್ರಗಳನ್ನು ಬರೆಯುತ್ತಲೇ ಇದ್ದನು. ಬರೆದುದು ತನ್ನ ಮನೆಮಾತಾದ ಡಚ್ ಭಾಷೆಯಲ್ಲಿ. ಅದು ಕೂಡ ನೆರೆಮನೆಯವನೊಡನೆ ಹರಟುವಂಥ ಸಾದಾ ಶೈಲಿಯಲ್ಲಿ. ಭಾಷಾಂತರದ ಹೊಣೆ ಲಂಡನ್ನಿನವರದು. ತನ್ನ ತಾಯ್ನುಡಿಯನ್ನು ಬಿಡದೆಯೂ ಜಗತ್ತಿನ ವಿದ್ವಾಂಸರ ಕಿವಿಯನ್ನು ತನ್ನತ್ತ ತಿರುಗಿಸಿಕೊಂಡ ಈ ಮನುಷ್ಯನ ಸಂಗತಿಯು ಪರನಾಡಿನಲ್ಲಿ ಕನ್ನಡ ಪತ್ರಿಕೆ ಓದುವ ನಮಗೆ ವಿಶೇಷವಾಗಿ ರುಚಿಸತಕ್ಕದ್ದು.

ಮೆಣಸಿನ ನೀರಿನ ಕಥೆ

1674ರಲ್ಲಿ ಕೆರೆಯ ನೀರಿನೊಳಗೆ ಈಜಾಡುವ ಸಣ್ಣ ಜೀವಿಗಳನ್ನು ಆತನು ಕಂಡನು. 1676ರಲ್ಲಿ ಅದಕ್ಕಿಂತ ದೊಡ್ಡ ಅದ್ಭುತವು ನಡೆಯಿತು. ಕರಿಮೆಣಸು ಏಕೆ ಖಾರವಾಗಿದೆಯೆಂಬ ಪ್ರಶ್ನೆ ಆತನನ್ನು ಕಾಡಿತು. ಮೆಣಸಿನ ಕಣಗಳಿಗೆ ಮುಳ್ಳುಗಳಿದ್ದು ಅವು ನಾಲಗೆಯನ್ನು ಚುಚ್ಚುತ್ತಿರಬಹುದೆಂದು ಊಹಿಸಿ, ಮೆಣಸನ್ನು ನೀರಿನಲ್ಲಿ ನೆನೆಹಾಕಿದನು. ಆ ಕಾಲಕ್ಕೆ ಮಲಬಾರಿನಿಂದಲೂ ಜಾವಾ ಸುಮಾತ್ರಾ ದ್ವೀಪಗಳಿಂದಲೂ ಡಚ್ಚರ ಹಡಗುಗಳು ಮೆಣಸನ್ನು ಹೊತ್ತು ಹಾಲೆಂಡಿಗೆ ಹೋಗುತ್ತಿದ್ದುವು. ಕೆಲವು ವಾರಗಳ ಮೇಲೆ ಆ ನೀರಿನ ಹನಿಯನ್ನು ನೋಡಿದಾಗ ಮುಳ್ಳುಗಳು ಕಾಣಲಿಲ್ಲ. ಅದುವರೆಗೆ ಕಂಡವುಗಳಿಗಿಂತಲೂ ಅತಿ ಸಣ್ಣವಾದ ಜೀವಿಗಳು ಕಿಕ್ಕಿರಿದು ಕಂಡುವು. ಇಂದು ನಾವು ಬ್ಯಾಕ್ಟೀರಿಯಾ ಎಂದು ಕರೆಯುವ ಜೀವಿಗಳ ಮೊದಲ ಸ್ಪಷ್ಟ ದರ್ಶನವು ಇದೇ.

ಲಂಡನ್ನಿನ ಪಂಡಿತರು ಇದನ್ನು ಸುಲಭವಾಗಿ ನಂಬಲಿಲ್ಲ. ಒಂದು ಹನಿ ನೀರಿನಲ್ಲಿ ಲಕ್ಷೋಪಲಕ್ಷ ಪ್ರಾಣಿಗಳೆಂದರೆ ಯಾರು ತಾನೆ ನಂಬಿಯಾರು? ಅವರಲ್ಲಿ ಪರೀಕ್ಷಿಸಿದವರಿಗೆ ಮೊದಮೊದಲು ಏನೂ ಕಾಣಲಿಲ್ಲ. ಲೀವೆನ್‌ಹುಕನು ಕೋಪಿಸಿಕೊಳ್ಳದೆ, ಪಾದ್ರಿಗಳೂ ನೋಟರಿಯೂ ಸೇರಿದಂತೆ ಎಂಟು ಜನ ಸಂಭಾವಿತರನ್ನು ಕರೆದು, ಕಣ್ಣಿನಿಂದ ನೋಡಿಸಿ, ಅವರ ಸಾಕ್ಷಿಪತ್ರಗಳನ್ನು ಕಳುಹಿಸಿದನು. 1677ರ ನವೆಂಬರಿನಲ್ಲಿ ರಾಬರ್ಟ್ ಹುಕನು ತಾನೇ ಉತ್ತಮ ಯಂತ್ರವನ್ನು ಸಿದ್ಧಪಡಿಸಿ, ಸಭೆಯ ಮುಂದೆ ಆ ಜೀವಿಗಳನ್ನು ತೋರಿಸಿದನು. ಸಂದೇಹವು ನಿವಾರಣೆಯಾಯಿತು. ಇಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ಕಾಲವಾದ 1680ನೆಯ ಇಸವಿಯಲ್ಲೇ ಅಲ್ಲಿ ಈ ಜವಳಿ ವ್ಯಾಪಾರಿಯು ರಾಯಲ್ ಸೊಸೈಟಿಯ ಸದಸ್ಯನಾಗಿ ಆರಿಸಲ್ಪಟ್ಟನು. ಆ ಸಭೆಗೆ ಆತನು ಒಮ್ಮೆಯಾದರೂ ಹೋಗಲಿಲ್ಲವೆಂಬುದು ಬೇರೆ ಮಾತು.

ಬಾಯಿಯೊಳಗಿನ ಬಿಡಾರ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಔರಂಗಜೇಬನು 1682ರಲ್ಲಿ ದೊಡ್ಡ ಸೇನೆಯೊಡನೆ ದಖ್ಖನ್ನಿಗೆ ಇಳಿದು ಔರಂಗಾಬಾದಿನಲ್ಲಿ ಬೀಡು ಬಿಟ್ಟಿದ್ದನು. ಕೆಳದಿಯಲ್ಲಿ ಚೆನ್ನಮ್ಮಾಜಿಯು ಆಳುತ್ತಿದ್ದಳು. ಮರುವರ್ಷ, ಎಂದರೆ 1683ರ ಸೆಪ್ಟೆಂಬರ್ 17ರಂದು, ಐವತ್ತು ದಾಟಿದ ಲೀವೆನ್‌ಹುಕನು ತನ್ನ ಹಲ್ಲುಗಳ ವಿಷಯವಾಗಿ ಒಂದು ಪತ್ರವನ್ನು ಬರೆದನು. ಪ್ರತಿದಿನ ಬೆಳಗ್ಗೆ ಉಪ್ಪಿನಿಂದ ಹಲ್ಲುಜ್ಜಿ ನೀರಿನಿಂದ ಬಾಯಿ ಮುಕ್ಕಳಿಸುವುದು, ಊಟವಾದ ಮೇಲೆ ಕಡ್ಡಿಯಿಂದ ದವಡೆಹಲ್ಲುಗಳ ಸಂದಿಯನ್ನು ಚೊಕ್ಕಟಗೊಳಿಸುವುದು, ಬಟ್ಟೆಯಿಂದ ಉಜ್ಜುವುದು—ಇದು ಆತನ ವಾಡಿಕೆ. ತನ್ನ ವಯಸ್ಸಿನವರಲ್ಲಿ ಇಷ್ಟು ಬಿಳಿಯ ಹಲ್ಲುಗಳು ಅಪರೂಪವೆಂದೂ, ಗಟ್ಟಿಯಾಗಿ ಉಜ್ಜಿದರೂ ಒಸಡಿನಿಂದ ರಕ್ತ ಬರುವುದಿಲ್ಲವೆಂದೂ ಆತನಿಗೆ ಹೆಮ್ಮೆಯಿದ್ದಿತು.

ಆದರೂ ಭೂತಗನ್ನಡಿಯಲ್ಲಿ ನೋಡಿಕೊಂಡಾಗ ಕೆಲವು ಹಲ್ಲುಗಳ ಸಂದಿಯಲ್ಲಿ ಬೆಳ್ಳಗಿನ ಮುದ್ದೆಯೊಂದು ಕಂಡಿತು. ಅದು ರುಬ್ಬಿದ ಹಿಟ್ಟಿನಷ್ಟು ಮಂದವಾಗಿತ್ತು. ದೋಸೆಹಿಟ್ಟಿನ ಹದವನ್ನು ಬಲ್ಲ ನಮ್ಮ ವಾಚಕರಿಗೆ ಇದು ಸುಲಭವಾಗಿ ಅರ್ಥವಾಗುವುದು. ಆ ಮುದ್ದೆಯನ್ನು ತೆಗೆದು, ಜೀವಿಗಳಿಲ್ಲದ ಶುದ್ಧ ಮಳೆನೀರಿನಲ್ಲಿ ಕದಡಿ, ಯಂತ್ರಕ್ಕೆ ಹಿಡಿದನು. ಒಳಗೆ ಜೀವಿಗಳ ಜಾತ್ರೆಯೇ ನೆರೆದಿತ್ತು. ಕೆಲವು ಕಡ್ಡಿಯಂತೆ ಉದ್ದವಾಗಿದ್ದು, ಬಾಣದಂತೆ ನೀರನ್ನು ಸೀಳಿಕೊಂಡು ಹೋಗುತ್ತಿದ್ದುವು. ಕೆಲವು ಬುಗುರಿಯಂತೆ ಗಿರ್ರನೆ ತಿರುಗುತ್ತಿದ್ದುವು. ಕೆಲವು ಸೊಳ್ಳೆಗಳ ಹಿಂಡಿನಂತೆ ಒಂದರೊಳಗೊಂದು ನುಸುಳುತ್ತಿದ್ದುವು. ಚಲಿಸದೆ ಬಿದ್ದಿರುವ ಉದ್ದನೆಯ ಎಳೆಗಳೂ ಇದ್ದುವು. ಈ ಬಗೆಬಗೆಯ ಆಕಾರಗಳನ್ನು ಚಿತ್ರಕಾರನೊಬ್ಬನಿಂದ ಬರೆಯಿಸಿ ಪತ್ರದೊಡನೆ ಕಳುಹಿಸಿದನು. ಬಾಯಿಯಲ್ಲಿ ಒಂದೇ ಬಗೆಯ ಕ್ರಿಮಿಯಲ್ಲ, ಹಲವು ಬಗೆಯ ಕ್ರಿಮಿಗಳಿವೆಯೆಂಬ ಸತ್ಯವು ಅಂದೇ ಹೊರಬಿದ್ದಿತು.

ತನ್ನ ಬಾಯಿಯನ್ನು ನೋಡಿ ಆತನು ಸುಮ್ಮನಾಗಲಿಲ್ಲ. ಇಬ್ಬರು ಹೆಂಗಸರು, ಎಂಟು ವರ್ಷದ ಒಂದು ಮಗು, ಮದ್ಯವನ್ನೂ ತಂಬಾಕನ್ನೂ ಸೇವಿಸುವ ಒಬ್ಬ ವೃದ್ಧ, ಜೀವಮಾನದಲ್ಲಿ ಒಮ್ಮೆಯೂ ಹಲ್ಲುಜ್ಜದ ಮತ್ತೊಬ್ಬ ವೃದ್ಧ—ಇವರೆಲ್ಲರ ಬಾಯಿಯನ್ನೂ ಪರೀಕ್ಷಿಸಿದನು. ಹಲ್ಲುಜ್ಜದವನ ಬಾಯಿಯಲ್ಲಿ ಕಂಡುದು ಎಲ್ಲಕ್ಕಿಂತ ವಿಸ್ಮಯಕರವಾಗಿತ್ತು. ಅಲ್ಲಿಯ ಜೀವಿಗಳ ಸಂಖ್ಯೆಯೂ ವೇಗವೂ ಮಿಗಿಲು; ದೊಡ್ಡವು ಮೈಯನ್ನು ಹಾವಿನಂತೆ ಬಳುಕಿಸುತ್ತ ಈಜುತ್ತಿದ್ದುವು. ಒಂದು ರಾಜ್ಯದಲ್ಲಿರುವ ಪ್ರಜೆಗಳಿಗಿಂತ ಹೆಚ್ಚು ಜೀವಿಗಳು ಒಬ್ಬ ಮನುಷ್ಯನ ಬಾಯಿಯಲ್ಲಿವೆಯೆಂದು ಆತನು ಲೆಕ್ಕ ಹಾಕಿದನು.

ಈ ಜೀವಿಗಳನ್ನು ಕೊಲ್ಲುವ ಉಪಾಯವನ್ನೂ ಹುಡುಕಿದನು. ವಿನೆಗರನ್ನು ನೇರವಾಗಿ ಬೆರೆಸಿದರೆ ಜೀವಿಗಳು ಸಾಯುತ್ತಿದ್ದುವು. ಆದರೆ ವಿನೆಗರಿನಿಂದ ಬಾಯಿ ತೊಳೆದುಕೊಂಡರೆ ಮೇಲಿನ ಪದರದವು ಮಾತ್ರ ಸತ್ತು, ಪಾಚಿಯ ಒಳಗಿನವು ಕ್ಷೇಮವಾಗಿಯೇ ಉಳಿಯುತ್ತಿದ್ದುವು. ಮತ್ತೆ 1692ರಲ್ಲಿ ಮುಂದಿನ ಹಲ್ಲುಗಳಲ್ಲಿ ಜೀವಂತ ಕ್ರಿಮಿಗಳು ಕಾಣದಾದಾಗ ಆಶ್ಚರ್ಯಪಟ್ಟು ಯೋಚಿಸಿದನು. ತಾನು ಬೆಳಗ್ಗೆ ಬೆವರು ಬರುವಷ್ಟು ಬಿಸಿಯಾದ ಕಾಫಿಯನ್ನು ಕುಡಿಯುವುದರಿಂದ ಅವು ಸತ್ತಿರಬೇಕೆಂದು ಊಹಿಸಿದನು. ಕಾಫಿಯ ಬಿಸಿ ತಾಗದ ಹಿಂದಣ ದವಡೆಯಲ್ಲಿ ಹುಡುಕಿದಾಗ ಅವು ಎಂದಿನಂತೆ ಜೀವಂತವಾಗಿದ್ದುವು. ಬಿಸಿ ಚಹಾ ಕುಡಿದರೆ ಬಾಯಿ ತೊಳೆದಂತೆಯೇ ಎಂದು ತಿಳಿದಿರುವವರು ಈ ಹಳೆಯ ಪರೀಕ್ಷೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದೊಳ್ಳೆಯದು.

ಕೀರ್ತಿಯೂ ಒಂದು ಕೊರತೆಯೂ

ಲೀವೆನ್‌ಹುಕನ ಕೀರ್ತಿಯು ದೇಶದೇಶಗಳಿಗೆ ಹಬ್ಬಿತು. ರಕ್ತದ ಕೆಂಪು ಕಣಗಳನ್ನೂ, ಸೂಕ್ಷ್ಮ ನಾಳಗಳಲ್ಲಿ ರಕ್ತವು ಹರಿಯುವುದನ್ನೂ, ಪುರುಷ ಬೀಜಾಣುಗಳನ್ನೂ ಆತನು ವರ್ಣಿಸಿದನು. 1698ರಲ್ಲಿ ರಷ್ಯದ ಚಕ್ರವರ್ತಿ ಮಹಾ ಪೀಟರನು ಡೆಲ್ಫ್ಟಿಗೆ ಬಂದಾಗ ಈ ವ್ಯಾಪಾರಿಯನ್ನು ಕರೆಯಿಸಿಕೊಂಡು ಆತನ ಯಂತ್ರಗಳನ್ನು ನೋಡಿ ಸಂತೋಷಪಟ್ಟನು. ಹಾಗಿದ್ದರೂ ಆತನ ಶೀಲದಲ್ಲಿ ಒಂದು ಕೊರತೆಯಿದ್ದಿತು; ಅದನ್ನು ಮರೆಮಾಚುವುದು ಚರಿತ್ರಕಾರನ ಧರ್ಮವಲ್ಲ. ತನ್ನ ಅತ್ಯುತ್ತಮ ಮಸೂರಗಳನ್ನು ಆತನು ಯಾರಿಗೂ ತೋರಿಸಲಿಲ್ಲ. ಅವುಗಳನ್ನು ಮಾಡುವ ವಿಧಾನವನ್ನು ಯಾರಿಗೂ ಕಲಿಸಲಿಲ್ಲ, ಶಿಷ್ಯರನ್ನು ಸ್ವೀಕರಿಸಲಿಲ್ಲ. ಮಸಾಲೆಯ ಗುಟ್ಟನ್ನು ಮಗನಿಗೂ ಹೇಳದೆ ಕಣ್ಣು ಮುಚ್ಚುವ ಅಡಿಗೆಯವರನ್ನು ನಾವು ನಮ್ಮ ಕಸುಬಿನಲ್ಲಿಯೂ ಕಂಡಿದ್ದೇವೆ. ಅವರ ಹಿಂದೆಯೇ ಆ ರುಚಿಯೂ ಹೊರಟುಹೋಗುವುದು.

1723ರ ಆಗಸ್ಟ್ 26ರಂದು, ತೊಂಬತ್ತು ವರ್ಷಗಳ ತುಂಬು ಜೀವನವನ್ನು ನಡೆಸಿ, ಲೀವೆನ್‌ಹುಕನು ತೀರಿಕೊಂಡನು. ಕೊನೆಯ ದಿನಗಳಲ್ಲಿ ತನ್ನ ಕಾಯಿಲೆಯ ಲಕ್ಷಣಗಳನ್ನೇ ಗಮನಿಸಿ ರಾಯಲ್ ಸೊಸೈಟಿಗೆ ಬರೆಯಿಸಿದನು. ಡೆಲ್ಫ್ಟಿನ ಹಳೆಯ ಚರ್ಚಿನಲ್ಲಿ ಆತನ ಸಮಾಧಿಯಿದೆ. ಆ ಸಂಸ್ಥೆಗೆ ಆತನು ಬಿಟ್ಟುಹೋದ 26 ಬೆಳ್ಳಿಯ ಯಂತ್ರಗಳು ಮುಂದೆ ಕಳೆದುಹೋದುವು. ಉಳಿದವು 1747ರಲ್ಲಿ ಹರಾಜಾದುವು. 2021ರಲ್ಲಿ ವಿಜ್ಞಾನಿಗಳು ಉಳಿದ ಯಂತ್ರಗಳನ್ನು ಬಿಚ್ಚದೆಯೇ ನ್ಯೂಟ್ರಾನ್ ಕಿರಣಗಳಿಂದ ಪರೀಕ್ಷಿಸಿ, ಒಂದು ಮಸೂರವು ಉಜ್ಜಿ ಮಾಡಿದ್ದೆಂದೂ, ಎಲ್ಲಕ್ಕಿಂತ ಶಕ್ತಿಯುತವಾದುದು ಗಾಜನ್ನು ಕರಗಿಸಿ ಮಾಡಿದ ಗುಂಡೆಂದೂ ಕಂಡುಕೊಂಡರು. ಗುಟ್ಟು ಹೊರಬೀಳಲು ಸುಮಾರು ಮುನ್ನೂರು ವರ್ಷಗಳು ಬೇಕಾದುವು. ಇದರ ಪರಿಣಾಮವು ಸಾಮಾನ್ಯವಲ್ಲ. ಆತನು ಕಂಡ ಬಾಯಿಯ ಕ್ರಿಮಿಗಳು ಬಹುಕಾಲದವರೆಗೆ ಒಂದು ಕುತೂಹಲದ ಸಂಗತಿಯಾಗಿಯೇ ಉಳಿದುವು. ಅವುಗಳಿಗೂ ರಕ್ತ ಸುರಿಯುವ ಒಸಡಿಗೂ ಇರುವ ಸಂಬಂಧವನ್ನು ಆತನೂ ಹೇಳಲಿಲ್ಲ. ಇತರರಿಗೂ ಅದು ಹೊಳೆಯಲಿಲ್ಲ.

ಇನ್ನೂರು ವರ್ಷಗಳ ಅನಂತರ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಾಶ್ಚರ್ ಮತ್ತು ಕಾಖ್ ಎಂಬ ಮಹನೀಯರು ಕ್ರಿಮಿಗಳಿಂದ ರೋಗಗಳು ಉಂಟಾಗುವುವೆಂದು ಸ್ಥಾಪಿಸಿದರು. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಮಿಲ್ಲರನು 1890ರಲ್ಲಿ ಬಾಯಿಯ ಸೂಕ್ಷ್ಮಜೀವಿಗಳ ಮೇಲೆ ಒಂದು ಗ್ರಂಥವನ್ನೇ ಬರೆದನು. ಒಸಡಿನ ವಿಷಯದಲ್ಲಿ ನಿರ್ಣಾಯಕವಾದ ಪರೀಕ್ಷೆಯು ನಡೆದುದು ಡೆನ್ಮಾರ್ಕ್ ದೇಶದಲ್ಲಿ. ಹಾರಲ್ಡ್ ಲೋ ಎಂಬ ವಿದ್ವಾಂಸನು ಆರೋಗ್ಯವಾದ ಒಸಡುಳ್ಳ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದನು. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ಒಸಡುಗಳೂ ಊದಿಕೊಂಡುವು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಮೊದಲಿನಂತಾದುವು. ಪಾಚಿ ಕಟ್ಟುವುದೇ ಒಸಡಿನ ಊತಕ್ಕೆ ಕಾರಣವೆಂಬುದು 1965ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ ಸಿದ್ಧವಾಯಿತು.

ಇಂದು ಬಾಯಿಯಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಲ್ಲಿ ಸುಮಾರು 700 ಜಾತಿಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಎಲ್ಲ ಜಾತಿಗಳೂ ಎಲ್ಲರ ಬಾಯಲ್ಲಿರುವುದಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಯಲೊಪ್ಪದವು ಹಲವು. ಅವುಗಳ ವಂಶಾಣುಗಳನ್ನು ಓದುವ ವಿಧಾನ ಬಂದ ಮೇಲೆಯೇ ಅವುಗಳ ಇರವು ತಿಳಿಯಿತು. ಇವೆಲ್ಲವೂ ವೈರಿಗಳಲ್ಲ. ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟನ್ನು ಬೆಳಗಾಗುವುದರೊಳಗೆ ಉಬ್ಬಿಸುವವೂ ಬ್ಯಾಕ್ಟೀರಿಯಾಗಳೇ ತಾನೆ! ಬಾಯಿಯಲ್ಲಿಯೂ ಬಹುಮಂದಿ ಸಾಧುಗಳೇ.

ಇವು ಬಿಡಾರ ಹೂಡುವ ಕ್ರಮವು ನಮ್ಮವರು ಪರವೂರಿಗೆ ಬಂದು ನೆಲಸಿದ ಕ್ರಮವನ್ನೇ ಹೋಲುವುದು. ಊರಿನಿಂದ ಒಬ್ಬನು ಮೊದಲು ಬಂದು ಒಂದು ಕೋಣೆ ಹಿಡಿಯುವನು. ಅವನ ಆಸರೆಯಲ್ಲಿ ತಮ್ಮನೂ, ಭಾವನೂ, ನೆರೆಯವನೂ ಬಂದು ಸೇರುವರು. ಹಾಗೆಯೇ ಉಜ್ಜಿದ ಹಲ್ಲಿನ ಮೇಲೆ ಮೊದಲು ಬಂದು ಅಂಟಿಕೊಳ್ಳುವವು ಸ್ಟ್ರೆಪ್ಟೋಕಾಕಸ್ ಮೊದಲಾದ ಗಾಳಿಯನ್ನು ಸಹಿಸುವ ಜಾತಿಗಳು. ಅವುಗಳ ಬೆನ್ನಿಗೆ ಅಂಟಿಕೊಂಡು ಫ್ಯೂಸೋಬ್ಯಾಕ್ಟೀರಿಯಂ ಎಂಬ ಉದ್ದನೆಯ ಜಾತಿಯು ಬರುವುದು. ಇದು ಹಿಂದಿನವರಿಗೂ ಮುಂದೆ ಬರುವವರಿಗೂ ಸೇತುವೆಯಂತೆ. ಪಾಚಿಯನ್ನು ತೆಗೆಯದೆ ಬಿಟ್ಟರೆ ಅದು ದಪ್ಪವಾಗಿ ಒಳಗೆ ಗಾಳಿಯಾಡದಂತಾಗುವುದು. ಆಗ ಗಾಳಿಯನ್ನು ಸಹಿಸದ ದುಷ್ಟ ಜಾತಿಗಳಿಗೆ ಹಬ್ಬ. 1998ರಲ್ಲಿ ಅಮೆರಿಕದ ಸಾಕ್ರಾನ್ಸ್ಕಿ ಎಂಬ ವಿಜ್ಞಾನಿಯೂ ಆತನ ಸಂಗಡಿಗರೂ ಪೋರ್ಫಿರೋಮೋನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫೋರ್ಸಿಥಿಯಾ, ಟ್ರೆಪೊನೀಮಾ ಡೆಂಟಿಕೋಲಾ ಎಂಬ ಮೂರು ಜಾತಿಗಳನ್ನು ಒಟ್ಟುಗೂಡಿಸಿ ಕೆಂಪು ಗುಂಪೆಂದು ಕರೆದರು. ತೀವ್ರವಾದ ಒಸಡಿನ ರೋಗವಿರುವಲ್ಲಿ ಇವು ಜೊತೆಯಾಗಿ ಕಾಣಿಸಿಕೊಳ್ಳುವುವು. ಇವುಗಳಲ್ಲಿ ಕೊನೆಯದು ಸುರುಳಿಯಾಕಾರದ್ದು, ಹಾವಿನಂತೆ ಬಳುಕುವಂಥದು. ಹಲ್ಲುಜ್ಜದ ವೃದ್ಧನ ಬಾಯಿಯಲ್ಲಿ ಲೀವೆನ್‌ಹುಕನು ಕಂಡ ಬಳುಕುವ ಜೀವಿಗಳ ಚಲನೆಯನ್ನು ಇದು ನೆನಪಿಗೆ ತರುವುದು.

ಆದರೆ ಒಂದು ಮಾತನ್ನು ಮರೆಯಬಾರದು. ಒಸಡಿನ ರೋಗವು ಒಂದೇ ಕ್ರಿಮಿಯ ಕೃತ್ಯವಲ್ಲ. ಸಾಧುಗಳೂ ದುಷ್ಟರೂ ಬೆರೆತಿರುವ ಸಮಾಜದಲ್ಲಿ ಸಮತೋಲ ಕೆಟ್ಟಾಗ ರೋಗವು ಹುಟ್ಟುವುದು. ಅದನ್ನು ಎದುರಿಸಲು ಹೊರಟ ನಮ್ಮ ದೇಹವು ಕಾದಾಟದ ಭರದಲ್ಲಿ ಹಲ್ಲನ್ನು ಹಿಡಿದಿರುವ ಎಲುಬನ್ನೇ ಸವೆಸಿಬಿಡುವುದು. ಶ್ರೀಲಂಕೆಯ ಚಹಾತೋಟಗಳಲ್ಲಿ ಹಲ್ಲುಜ್ಜುವ ವಾಡಿಕೆಯಿಲ್ಲದ 480 ಮಂದಿ ಕೂಲಿಗಾರರನ್ನು ಅದೇ ಲೋ ಮತ್ತು ಸಂಗಡಿಗರು 1970ರಿಂದ ಹದಿನೈದು ವರ್ಷ ಪರೀಕ್ಷಿಸಿದರು. ನೂರಕ್ಕೆ 8 ಮಂದಿಯಲ್ಲಿ ರೋಗವು ಶೀಘ್ರವಾಗಿಯೂ, 81 ಮಂದಿಯಲ್ಲಿ ಮಧ್ಯಮ ಗತಿಯಿಂದಲೂ ಮುಂದುವರಿಯಿತು. 11 ಮಂದಿಯಲ್ಲಿ ಒಸಡಿನ ಊತವು ಮುಂದಕ್ಕೆ ಹೋಗಲೇ ಇಲ್ಲ. ಹಲ್ಲುಜ್ಜದೆಯೂ ತಮ್ಮ ಅಜ್ಜನ ಹಲ್ಲುಗಳು ಗಟ್ಟಿಯಾಗಿದ್ದುವೆಂದು ವಾದಿಸುವವರಿಗೆ ಉತ್ತರವು ಇಲ್ಲಿಯೇ ಇದೆ. ಅಜ್ಜನು ಆ ಹನ್ನೊಂದರಲ್ಲಿ ಒಬ್ಬನಾಗಿದ್ದಿರಬಹುದು. ಮೊಮ್ಮಗನು ಆ ಎಂಟರಲ್ಲಿ ಒಬ್ಬನಾಗಿರಬಹುದು.

ನಮ್ಮವರ ಬಾಯಿಯ ವಿಚಾರ

ಈ ಮಹನೀಯನ ಕಥೆಯನ್ನು ಇಷ್ಟು ವಿಸ್ತಾರವಾಗಿ ಬರೆಯಲು ಕಾರಣವುಂಟು. ಒಸಡಿನ ರೋಗವು ಕಳ್ಳನಂತೆ ಬರುವುದು. ಹುಳುಕು ಹಲ್ಲಾದರೆ ನೋವಿನಿಂದ ಕೂಗಿ ಹೇಳುವುದು; ಒಸಡಾದರೋ ವರ್ಷಗಟ್ಟಲೆ ಸದ್ದಿಲ್ಲದೆ ಸವೆದು, ಒಂದು ದಿನ ಗಟ್ಟಿಯಾದ ಹಲ್ಲನ್ನೇ ಅಲ್ಲಾಡಿಸಿಬಿಡುವುದು. ಹೋಟೆಲಿನಲ್ಲಿ ನಸುಕಿಗೆ ಭಟ್ಟಿ ಹೊತ್ತಿಸುವ ಅವಸರದಲ್ಲಿ ಬಾಯಿ ಮುಕ್ಕಳಿಸಿ ಮುಗಿಸುವವರು, ರಾತ್ರಿ ಮೇಜುಗಳನ್ನು ತೊಳೆದು ಮಲಗುವ ಹೊತ್ತಿಗೆ ಹಲ್ಲುಜ್ಜುವ ತ್ರಾಣವಿಲ್ಲದವರು ನಮ್ಮಲ್ಲಿ ಅನೇಕರು. ಸಾವಿರಾರು ತಟ್ಟೆಗಳನ್ನು ಬೆಳಗಿ ಇಡುವ ಕೈಗೆ ತನ್ನ ಮೂವತ್ತೆರಡು ಹಲ್ಲುಗಳನ್ನು ಬೆಳಗಲು ಪುರಸೊತ್ತಿಲ್ಲವೆಂದರೆ ವಿಷಾದದ ಸಂಗತಿ. ತೊಳೆಯದೆ ಬಿಟ್ಟ ಪಾತ್ರೆಗೆ ಜಿಡ್ಡು ಹಿಡಿದು ಒಣಗಿದರೆ ನೀರು ಚಿಮುಕಿಸಿ ಪ್ರಯೋಜನವಿಲ್ಲ, ತಿಕ್ಕಿಯೇ ತೀರಬೇಕು. ಹಲ್ಲಿನ ಪಾಚಿಯ ನ್ಯಾಯವೂ ಅದೇ. ವಿನೆಗರಿನ ಪರೀಕ್ಷೆಯಲ್ಲಿ ಲೀವೆನ್‌ಹುಕನು ಕಂಡುದೂ ಅದನ್ನೇ.

ಇನ್ನು ತಂಬಾಕಿನ ವಿಷಯ. ಮಹಾರಾಷ್ಟ್ರದಲ್ಲಿ ಹುರಿದ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ಹಳೆಯ ರೂಢಿಯಿದೆ. ನಮ್ಮ ಕೆಲವರಿಗೂ ಅದು ಅಂಟಿಕೊಂಡಿದೆ. ಗುಟಕಾ ಮಾರಾಟವನ್ನು ಸರಕಾರವು 2012ರಲ್ಲಿ ನಿಷೇಧಿಸಿದರೂ ತಂಬಾಕು ಸುಣ್ಣಗಳನ್ನು ಅಂಗೈಯಲ್ಲಿ ತಿಕ್ಕುವುದು ನಿಂತಿಲ್ಲ. ತಂಬಾಕು ಇಟ್ಟುಕೊಂಡ ಕಡೆ ಒಸಡು ಜಾರಿ ಹಲ್ಲಿನ ಬೇರು ಬತ್ತಲೆಯಾಗುವುದು. ಬೀಡಿ ಸಿಗರೇಟು ಸೇದುವವರಿಗೆ ಇನ್ನೊಂದು ಮೋಸವಿದೆ: ರೋಗವು ಒಳಗೆ ಬೆಳೆಯುತ್ತಿದ್ದರೂ ರಕ್ತವು ಕಡಿಮೆ ಬರುವುದರಿಂದ ಎಲ್ಲವೂ ಸರಿಯಾಗಿದೆಯೆಂಬ ಭ್ರಮೆಯುಂಟಾಗುವುದು. ಸಕ್ಕರೆಕಾಯಿಲೆಯುಳ್ಳವರಿಗೆ ಒಸಡಿನ ರೋಗವು ಬೇಗನೆ ತಗಲುವುದು. ಒಸಡು ಕೆಟ್ಟರೆ ಸಕ್ಕರೆಯನ್ನು ಹತೋಟಿಯಲ್ಲಿಡುವುದೂ ಕಷ್ಟವಾಗುವುದು. ದಿನವಿಡೀ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಗುಮಾಸ್ತ ಬಂಧುಗಳು ಇದನ್ನು ಗಮನಿಸಬೇಕು.

ಹಲ್ಲುಜ್ಜುವಾಗ ರಕ್ತ ಕಂಡರೆ ಉಜ್ಜುವುದನ್ನು ನಿಲ್ಲಿಸುವುದು ಸರಿಯಲ್ಲ. ಮೃದುವಾದ ಬ್ರಷ್ಷಿನಿಂದ ಒಸಡಿನ ಅಂಚನ್ನು ಮೆಲ್ಲಗೆ ಉಜ್ಜಬೇಕು. ಬೆಳಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಉಜ್ಜುವುದು ಅವಶ್ಯ. ಸಂದಿಗಳನ್ನೂ ಶುಚಿಗೊಳಿಸಬೇಕು. ಪಾಚಿಯು ಗಟ್ಟಿಯಾಗಿ ಕಿಟ್ಟವಾದರೆ ಬ್ರಷ್ಷಿನಿಂದ ಹೋಗದು, ದಂತವೈದ್ಯರೇ ತೆಗೆಯಬೇಕು. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುವುದೆಂಬ ಭಯವು ನಮ್ಮವರಲ್ಲಿದೆ. ಸಡಿಲ ಮಾಡಿದುದು ರೋಗ. ಕಿಟ್ಟವು ಅದನ್ನು ಮರೆಮಾಡಿತ್ತಷ್ಟೆ. ಸಂಭಾಜಿನಗರದಲ್ಲಿ ಸರಕಾರಿ ದಂತ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ನಾಸಿಕದ ಪಂಚವಟಿಯಲ್ಲಿಯೂ ದಂತ ಮಹಾವಿದ್ಯಾಲಯವಿದೆ; 1998ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿದ್ಯಾಪೀಠದ ಕೇಂದ್ರಸ್ಥಾನವೂ ನಾಸಿಕವೇ. ಇಷ್ಟು ಹತ್ತಿರದಲ್ಲಿರುವ ನೆರವನ್ನು ಹಲ್ಲು ಉದುರಿದ ಮೇಲೆ ಹುಡುಕುವುದು ಜಾಣತನವಲ್ಲ. ಹೋಟೆಲಿನ ಮಾಲೀಕರು ತಮ್ಮ ಹುಡುಗರಿಗೆ ವರ್ಷಕ್ಕೆ ಒಂದು ಮಧ್ಯಾಹ್ನದ ರಜೆಯನ್ನು ಇದಕ್ಕಾಗಿ ಕೊಟ್ಟರೆ ಅವರ ಗಲ್ಲಾಕ್ಕೆ ನಷ್ಟವೇನೂ ಆಗಲಾರದು.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲವೆಂಬ ಗಾದೆಯನ್ನು ನಮ್ಮ ಹಿರಿಯರು ವಿಧಿಯನ್ನು ಕುರಿತು ಹೇಳಿದರು. ಪರನಾಡಿನಲ್ಲಿ ಬೆವರು ಸುರಿಸಿ ಮುಪ್ಪಿಗೆಂದು ಕಡಲೆಯನ್ನು ಕೂಡಿಡುತ್ತಿರುವ ನಮ್ಮ ಬಂಧುಗಳು ಅದನ್ನು ಅಗಿಯುವ ಹಲ್ಲನ್ನೂ ಉಳಿಸಿಕೊಳ್ಳಲೆಂಬುದೇ ನಮ್ಮ ಹಾರೈಕೆ.